ಹುರಿ ಬಿಚ್ಚಿ ನೋಡುವ ಕ್ರಮ: ಕ್ವಾಂಟಂ ತಂತಿಯ ಸ್ಪಿನ್-ಕಕ್ಷೆ ಬಂಧದ ಲೆಕ್ಕಕ್ಕೊಂದು ಕೈಪಿಡಿ

ಕೊಣಾಜೆ, ಸುರತ್ಕಲ್, ಮಣಿಪಾಲಗಳ ಕಡೆಯಲ್ಲಿ ಎಂ.ಎಸ್ಸಿ. ಓದುತ್ತ, ಕೊನೆಯ ವರ್ಷದ ಪ್ರಾಜೆಕ್ಟಿಗೆ ಘನವಸ್ತು ಭೌತಶಾಸ್ತ್ರವನ್ನು ಆರಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕ್ವಾಂಟಂ ಯಂತ್ರಶಾಸ್ತ್ರದ ಒಂದು ಕೋರ್ಸು ಮುಗಿದಿದ್ದು, ಎರಡನೇ ಕ್ವಾಂಟೀಕರಣದ ಬರವಣಿಗೆಗೆ ಹೆದರದಿದ್ದರೆ ಸಾಕು. ಒಂದೇ ಆಯಾಮದ ತಂತಿಯಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ವಿಕರ್ಷಿಸುತ್ತಿರುವಾಗ, ಅದರ ಮೇಲೆ ಸ್ಪಿನ್-ಕಕ್ಷೆ ಬಂಧವನ್ನೂ, ಎಂದರೆ ಎಲೆಕ್ಟ್ರಾನಿನ ಚಲನೆಗೂ ಸ್ಪಿನ್ನಿಗೂ ಇರುವ ನಂಟನ್ನೂ, ಸೇರಿಸಿದರೆ ಏನಾಗುತ್ತದೆ ಎಂಬುದು ಪ್ರಶ್ನೆ. ಇದಕ್ಕೆ ಕೈಹಾಕುವವರಿಗೆ ನಾನು ಹೇಳುವುದು ಮುಖ್ಯವಾಗಿ ಒಂದೇ ಮಾತು: ಈ ಬಂಧದಿಂದ ಏನೇನು ಬದಲಾಗುತ್ತದೆ ಎಂದು ಹುಡುಕಲು ಹೊರಡುವ ಮೊದಲು, ಅದನ್ನು ಪೂರ್ತಿಯಾಗಿ ತೊಡೆದುಹಾಕಲು ಬರುತ್ತದೆಯೇ ಎಂದು ನೋಡಿ. ಎಷ್ಟೋ ಸಲ ಬರುತ್ತದೆ.

ಹಾಗೆ ನೋಡದೆ ನಾನೇ ಒಂದು ಮಳೆಗಾಲವನ್ನು ಕಳೆದುಕೊಂಡಿದ್ದೇನೆ. ಒಂದೇ ಸಬ್‌ಬ್ಯಾಂಡಿನ (ಅಡ್ಡ ಚಲನೆಗೆ ಒಂದೇ ಶಕ್ತಿಮಟ್ಟ ತೆರೆದಿರುವ) ತಂತಿಗೆ ಬಂಧದ ಬಲವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಆವೇಶದ ಅಲೆಯ ವೇಗ ಏರುವುದನ್ನು ಗ್ರಾಫಿನಲ್ಲಿ ಬಿಡಿಸುತ್ತ ಹೋದೆ. ಕೊನೆಗೆ ತಿಳಿದದ್ದೇನೆಂದರೆ, ನಾನು ರಾಸಾಯನಿಕ ವಿಭವವನ್ನು ಸ್ಥಿರವಾಗಿಟ್ಟಿದ್ದೆ, ಸಾಂದ್ರತೆಯನ್ನಲ್ಲ. ಬಂಧ ಹೆಚ್ಚಿದಂತೆ ಎಲೆಕ್ಟ್ರಾನುಗಳ ಶಕ್ತಿಯ ಪಟ್ಟಿಯ (ಬ್ಯಾಂಡಿನ) ತಳ ಕೆಳಗಿಳಿಯುತ್ತದೆ, ತಂತಿಯೊಳಗೆ ಇನ್ನಷ್ಟು ಎಲೆಕ್ಟ್ರಾನುಗಳು ತುಂಬಿಕೊಳ್ಳುತ್ತವೆ, ವೇಗ ಏರುತ್ತದೆ. ಅದು ಬಂಧದ ಫಲವಲ್ಲ, ಹೆಚ್ಚಿದ ಎಲೆಕ್ಟ್ರಾನುಗಳ ಫಲ. ಸಾಂದ್ರತೆಯನ್ನು ಹಿಡಿದಿಟ್ಟು ಮತ್ತೆ ಲೆಕ್ಕ ಮಾಡಿದಾಗ ಗ್ರಾಫಿನ ಗೆರೆ ಮಲಗಿಬಿಟ್ಟಿತು.

ಮೊದಲು ಬಂಧದ ಅಳತೆ

ವಿದ್ಯುತ್ ಕ್ಷೇತ್ರದಲ್ಲಿ ಚಲಿಸುವ ಎಲೆಕ್ಟ್ರಾನಿಗೆ, ತನ್ನ ನೆಲೆಯಿಂದ ನೋಡಿದಾಗ, ಒಂದು ಕಾಂತಕ್ಷೇತ್ರ ಕಾಣಿಸುತ್ತದೆ. ಅದರ ಸ್ಪಿನ್ ಆ ಕ್ಷೇತ್ರಕ್ಕೆ ಸ್ಪಂದಿಸುತ್ತದೆ. ಅರೆವಾಹಕದ ಪದರದಲ್ಲಿ ಮೇಲು-ಕೆಳಗುಗಳ ಸಮಮಿತಿ ಮುರಿದಿದ್ದರೆ ಹುಟ್ಟುವ ಬಂಧವನ್ನು ಬಿಚ್ಕೋವ್ ಮತ್ತು ರಶ್ಬಾ 1984ರಲ್ಲಿ ಎರಡು ಆಯಾಮದ ಎಲೆಕ್ಟ್ರಾನುಗಳಿಗೆ ಅನ್ವಯಿಸಿ ಬರೆದರು. ಇದರ ಬಲವನ್ನು ಆಲ್ಫಾ ಎಂದು ಕರೆಯುವುದು ರೂಢಿ, ಗೇಟಿನ ವೋಲ್ಟೇಜಿನಿಂದ ಅದನ್ನು ಬದಲಿಸಬಹುದು. ತಂತಿ ಉದ್ದಕ್ಕೆ ಚಾಚಿದ್ದು ವಿದ್ಯುತ್ ಕ್ಷೇತ್ರ ಮೇಲ್ಮುಖವಾಗಿದ್ದರೆ, ಸ್ಪಿನ್ನಿಗೆ ಕಾಣುವ ಕ್ಷೇತ್ರ ತಂತಿಗೆ ಅಡ್ಡಲಾಗಿರುತ್ತದೆ. ಈ ಅಡ್ಡ ದಿಕ್ಕನ್ನೇ ಇನ್ನು ಮುಂದೆ 'ಬಂಧದ ಅಕ್ಷ' ಎನ್ನುತ್ತೇನೆ. ಈ ಅಕ್ಷದಲ್ಲಿ ಮೇಲ್ಮುಖ, ಕೆಳಮುಖ ಎಂದು ಎರಡು ಬಗೆಯ ಸ್ಪಿನ್ನುಗಳಿವೆ. ಒಂದರ ಶಕ್ತಿಯ ಪರವಲಯ ಎಡಕ್ಕೂ ಇನ್ನೊಂದರದು ಬಲಕ್ಕೂ ಸರಿಯುತ್ತದೆ. ಆಕಾರ ಬದಲಾಗುವುದಿಲ್ಲ, ಬರೀ ಜಾಗ ಬದಲಾಗುತ್ತದೆ.

ಎಷ್ಟು ಸರಿಯುತ್ತದೆ ಎಂಬುದನ್ನು ಪ್ರಾಜೆಕ್ಟಿನ ಮೊದಲ ದಿನವೇ ಕೈಯಾರೆ ಲೆಕ್ಕ ಮಾಡಿ. ಹ್ರಸ್ವ ಪ್ಲಾಂಕ್ ಸ್ಥಿರಾಂಕದ ವರ್ಗವನ್ನು ಮುಕ್ತ ಎಲೆಕ್ಟ್ರಾನಿನ ದ್ರವ್ಯರಾಶಿಯಿಂದ ಭಾಗಿಸಿದರೆ 76.2 ಬರುತ್ತದೆ, ಏಕಮಾನ ಮಿಲಿ-ಎಲೆಕ್ಟ್ರಾನ್‌ವೋಲ್ಟ್ ಗುಣಿಸು ನ್ಯಾನೋಮೀಟರಿನ ವರ್ಗ. ಇಂಡಿಯಂ ಆಂಟಿಮೊನೈಡಿನಲ್ಲಿ ಪರಿಣಾಮೀ ದ್ರವ್ಯರಾಶಿ ಅದರ 0.014 ಪಾಲು ಮಾತ್ರ, ಆದ್ದರಿಂದ ಈ ಸಂಖ್ಯೆ ಸುಮಾರು 5440 ಆಗುತ್ತದೆ. ಇದನ್ನು ಆಲ್ಫಾದಿಂದ ಭಾಗಿಸಿದರೆ ಸ್ಪಿನ್-ಕಕ್ಷೆ ಉದ್ದ ಸಿಗುತ್ತದೆ. ಆಲ್ಫಾವನ್ನು ಮಿಲಿ-ಎಲೆಕ್ಟ್ರಾನ್‌ವೋಲ್ಟ್ ಗುಣಿಸು ನ್ಯಾನೋಮೀಟರಿನಲ್ಲಿ ಅಳೆದು, ಅದು 20 ಆದರೆ 272 ನ್ಯಾನೋಮೀಟರ್, 50 ಆದರೆ 109 ನ್ಯಾನೋಮೀಟರ್. ಪಟ್ಟಿಯ ತಳ ಎಷ್ಟು ಇಳಿಯಿತು ಎಂಬುದು ಆಲ್ಫಾದ ವರ್ಗವನ್ನು 5440ರ ಇಮ್ಮಡಿಯಿಂದ ಭಾಗಿಸಿದಷ್ಟು: ಮೊದಲನೆಯದಕ್ಕೆ 0.037, ಎರಡನೆಯದಕ್ಕೆ 0.23 ಮಿಲಿ-ಎಲೆಕ್ಟ್ರಾನ್‌ವೋಲ್ಟ್. ಆಲ್ಫಾ ಎರಡೂವರೆ ಪಟ್ಟು ಹೆಚ್ಚಿದರೆ ಶಕ್ತಿ ಆರು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಎರಡೂ ಸಂಖ್ಯೆಗಳನ್ನು ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ, ಕೊನೆಯವರೆಗೂ ಬೇಕಾಗುತ್ತವೆ.

ಹುರಿಯ ಪ್ರಯೋಗ

ಈಗ ಒಂದು ಗೇಣು ನಾರಿನ ಹುರಿಯನ್ನು ಕೈಗೆತ್ತಿಕೊಳ್ಳಿ. ಮಂಗಳೂರಿನ ಬಂದರಿನ ಕಡೆಯ ಅಂಗಡಿಗಳಲ್ಲಿ ಹಗ್ಗಕ್ಕೇನು ಕೊರತೆ. ಮನೆಯ ಬಾವಿಯ ಹಗ್ಗದ ತುಂಡಾದರೂ ಆದೀತು. ಎರಡು ಎಳೆ ಹೊಸೆದ ಹುರಿಯಲ್ಲಿ ಒಂದು ಎಳೆಗೆ ಮಾತ್ರ ಶಾಯಿ ಹಚ್ಚಿ. ಹುರಿಯನ್ನು ಮೇಜಿನ ಮೇಲಿಟ್ಟು ಮೇಲಿನಿಂದ ನೋಡಿದರೆ ಶಾಯಿ ಬಳಿದ ಎಳೆ ಕಾಣುತ್ತದೆ, ಅಡಿಗೆ ಹೋಗಿ ಮರೆಯಾಗುತ್ತದೆ, ಅಷ್ಟೇ ದೂರದಲ್ಲಿ ಮತ್ತೆ ಕಾಣುತ್ತದೆ. ಬಂಧದ ಅಕ್ಷಕ್ಕೆ ಲಂಬವಾಗಿ ಹೊರಟ ಸ್ಪಿನ್ ತಂತಿಯ ಉದ್ದಕ್ಕೂ ತಿರುಗುವುದು ಹೀಗೆಯೇ. ಒಂದು ಪೂರ್ತಿ ಸುತ್ತಿಗೆ ಬೇಕಾದ ದೂರ ಪೈ ಗುಣಿಸು ಸ್ಪಿನ್-ಕಕ್ಷೆ ಉದ್ದ. ಆಲ್ಫಾ 20ರ ತಂತಿಯಲ್ಲಿ ಸುಮಾರು 855 ನ್ಯಾನೋಮೀಟರ್.

ಒಂದು ತುದಿಯನ್ನು ಹಿಡಿದು ಇನ್ನೊಂದು ತುದಿಯನ್ನು ಹಿಮ್ಮುಖವಾಗಿ ತಿರುವುತ್ತ ಬನ್ನಿ. ಹುರಿ ಬಿಚ್ಚಿಕೊಂಡು ಎರಡು ಎಳೆಗಳು ನೆಟ್ಟಗಾಗುತ್ತವೆ. ಎಳೆಯ ಒಂದು ನಾರೂ ಹರಿಯಲಿಲ್ಲ, ಎಳೆಗಳ ನಡುವಿನ ಸಂಬಂಧವೂ ಕೆಡಲಿಲ್ಲ. ಗಣಿತದಲ್ಲಿ ಇದೇ ಕೆಲಸವನ್ನು ಸ್ಥಾನಕ್ಕೆ ತಕ್ಕಂತೆ ಸ್ಪಿನ್ನನ್ನು ಬಂಧದ ಅಕ್ಷದ ಸುತ್ತ ತಿರುಗಿಸುವ ಗೇಜ್ ರೂಪಾಂತರ ಮಾಡುತ್ತದೆ. ಅದನ್ನು ಮಾಡಿದೊಡನೆ ಸರಿದುಹೋಗಿದ್ದ ಎರಡು ಪರವಲಯಗಳು ಒಂದರ ಮೇಲೊಂದು ಕೂರುತ್ತವೆ, ಶಕ್ತಿಯ ತಳದ ಒಂದು ಸ್ಥಿರ ಸಂಖ್ಯೆಯನ್ನು ಬಿಟ್ಟರೆ ಆಲ್ಫಾ ಹ್ಯಾಮಿಲ್ಟೋನಿಯನ್ನಿನಿಂದಲೇ ಮಾಯವಾಗುತ್ತದೆ.

ವಿಕರ್ಷಣೆ ಇರುವಾಗಲೂ ಹೀಗಾದೀತೇ ಎಂಬ ಅನುಮಾನ ಸಹಜ. ಕರಾವಳಿಯ ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದವರಿಗೆ ಒಂದು ಆಯಾಮದ ವಿಕರ್ಷಣೆ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನಿಂದ ಒಬ್ಬ ಬಂದರೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಮುಂದಿನವನು ನಿಂತರೆ ಹಿಂದಿನ ಸಾಲು ಪೂರ್ತಿ ನಿಲ್ಲುತ್ತದೆ. ಚಲನೆ ಒಬ್ಬೊಬ್ಬರದಲ್ಲ, ಸಾಲಿನದು. ಎಲೆಕ್ಟ್ರಾನುಗಳ ಈ ಸಾಲಿನ ಸಿದ್ಧಾಂತವನ್ನು ತೊಮೊನಾಗ 1950ರಲ್ಲಿ, ಲಟ್ಟಿಂಜರ್ 1963ರಲ್ಲಿ ಕಟ್ಟಿದರು. 1981ರಲ್ಲಿ ಹಾಲ್ಡೇನ್ ಅದಕ್ಕೆ ಲಟ್ಟಿಂಜರ್ ದ್ರವ ಎಂಬ ಹೆಸರನ್ನೂ ವ್ಯಾಪಕ ರೂಪವನ್ನೂ ಕೊಟ್ಟರು. ಅದರಲ್ಲಿ ಆವೇಶದ ಅಲೆಯೊಂದು, ಸ್ಪಿನ್ನಿನ ಅಲೆಯೊಂದು ಬೇರೆ ಬೇರೆ ವೇಗದಲ್ಲಿ ಸಾಗುತ್ತವೆ. ಈಗ ಗಮನಿಸಬೇಕಾದದ್ದು: ಕೂಲಂಬ್ ವಿಕರ್ಷಣೆ ನೋಡುವುದು ಯಾವ ಜಾಗದಲ್ಲಿ ಎಷ್ಟು ಎಲೆಕ್ಟ್ರಾನುಗಳಿವೆ ಎಂಬುದನ್ನು ಮಾತ್ರ, ಅವುಗಳ ಸ್ಪಿನ್ ಯಾವ ಕಡೆಗಿದೆ ಎಂಬುದನ್ನಲ್ಲ. ಜಾಗದಿಂದ ಜಾಗಕ್ಕೆ ಸ್ಪಿನ್ನನ್ನು ತಿರುಗಿಸಿದರೆ ಸಾಂದ್ರತೆ ಬದಲಾಗದು. ಆದುದರಿಂದ ವಿಕರ್ಷಣೆ ಎಷ್ಟೇ ಬಲವಾಗಿದ್ದರೂ ಹುರಿ ಬಿಚ್ಚಿಕೊಳ್ಳುತ್ತದೆ. ಒಂದೇ ಸಬ್‌ಬ್ಯಾಂಡ್, ಕಾಂತಕ್ಷೇತ್ರವಿಲ್ಲ, ಬಂಧದ ಅಕ್ಷ ಎಲ್ಲೆಡೆ ಒಂದೇ, ತಂತಿಯ ತುದಿಗಳು ತೆರೆದಿವೆ ಎಂದಾದರೆ ಎರಡು ಅಲೆಗಳ ವೇಗಗಳು ಆಲ್ಫಾ ಇಲ್ಲದ ತಂತಿಯವೇ.

ಹಾಗೆಂದು ಸ್ಪಿನ್ ತಿರುಗುವುದೇ ಸುಳ್ಳು ಎಂದಲ್ಲ. ಸುಪ್ರಿಯೋ ದತ್ತ ಮತ್ತು ಬಿಸ್ವಜಿತ್ ದಾಸ್ 1990ರಲ್ಲಿ ಸೂಚಿಸಿದ ಸ್ಪಿನ್ ಟ್ರಾನ್ಸಿಸ್ಟರ್ ನಿಂತಿರುವುದೇ ಆ ತಿರುವಿನ ಮೇಲೆ. ಶಕ್ತಿಗಳಿಗೆ ಆಲ್ಫಾ ಕಾಣದಿದ್ದರೂ, ಅಕ್ಷಕ್ಕೆ ಲಂಬವಾದ ಸ್ಪಿನ್ನುಗಳ ಪರಸ್ಪರ ಸಂಬಂಧವನ್ನು ದೂರದ ಮೇಲೆ ಅಳೆದರೆ ಹುರಿಯ ಸುತ್ತು ಅಲ್ಲಿ ಅಚ್ಚೊತ್ತಿರುತ್ತದೆ. ನೀವು ಯಾವುದನ್ನು ಲೆಕ್ಕ ಮಾಡುತ್ತಿದ್ದೀರಿ ಎಂಬ ಎಚ್ಚರ ಇರಬೇಕು, ಅಷ್ಟೇ.

ಕೋಡಿನ ಪರೀಕ್ಷೆ

ತಂತಿಯನ್ನು ಕಂಪ್ಯೂಟರಿನಲ್ಲಿ ಹಬರ್ಡ್ ಸರಪಳಿಯಾಗಿ, ಎಂದರೆ ಎಲೆಕ್ಟ್ರಾನುಗಳು ಜಿಗಿಯುವ ಮನೆಗಳ ಸಾಲಾಗಿ, ಬರೆಯುವವರಿಗೆ ಈ ಬಿಚ್ಚುವಿಕೆ ಒಂದು ಅಮೂಲ್ಯವಾದ ಪರೀಕ್ಷೆ. ಪಕ್ಕದ ಮನೆಗೆ ಜಿಗಿಯುವ ಸಾಮಾನ್ಯ ಬಲ ಟಿ, ಸ್ಪಿನ್ನನ್ನು ತಿರುಗಿಸುತ್ತ ಜಿಗಿಯುವ ಬಲ ಆಲ್ಫಾ (ಇಲ್ಲಿ ಟಿಯ ಏಕಮಾನದಲ್ಲೇ), ಒಂದೇ ಮನೆಯಲ್ಲಿ ಎರಡು ಎಲೆಕ್ಟ್ರಾನುಗಳು ಕೂತಾಗಿನ ವಿಕರ್ಷಣೆಯ ಶಕ್ತಿ ಯು ಎಂದಿಟ್ಟುಕೊಂಡರೆ, ತೆರೆದ ತುದಿಯ ಸರಪಳಿಯ ಎಲ್ಲ ಶಕ್ತಿಗಳೂ ಆಲ್ಫಾ ಇಲ್ಲದ ಸರಪಳಿಯ ಶಕ್ತಿಗಳೇ. ಟಿ ಇದ್ದ ಕಡೆ √(ಟಿ² + ಆಲ್ಫಾ²) ಎಂದು ಬರೆದುಕೊಂಡರಾಯಿತು. ಎರಡು ಮನೆ, ಎರಡು ಎಲೆಕ್ಟ್ರಾನುಗಳಿಗೆ ಇದನ್ನು ಕಾಗದದ ಮೇಲೆಯೇ ಮಾಡಬಹುದು. ಕನಿಷ್ಠ ಶಕ್ತಿ [ಯು − √(ಯು² + 16ಟಿ²)] ÷ 2. ಟಿ 1, ಯು 4 ಆಗಿ ಆಲ್ಫಾ ಇಲ್ಲದಿದ್ದರೆ ಉತ್ತರ −0.8284. ಆಲ್ಫಾ 0.3 ಆದರೆ ಟಿ² ಇದ್ದ ಕಡೆ 1.09 ಬಂದು ಉತ್ತರ −0.8914 ಆಗುತ್ತದೆ. ನಿಮ್ಮ ಕೋಡು ಈ ನಾಲ್ಕು ಅಂಕಿಗಳನ್ನು ಕೊಡದೆ ಮುಂದಕ್ಕೆ ಹೋಗಬೇಡಿ. ಸಂಕೀರ್ಣ ಸಂಖ್ಯೆಯ ಚಿಹ್ನೆಯನ್ನು ಹಿಂದಕ್ಕೆ ಜಿಗಿಯುವ ಪದದಲ್ಲಿ ಬದಲಿಸಲು ಮರೆಯುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ಮತ್ತು ಈ ಪುಟ್ಟ ಲೆಕ್ಕದಲ್ಲಿ ಅದು ಕೂಡಲೇ ಸಿಕ್ಕಿಬೀಳುತ್ತದೆ.

ಸರಪಳಿಯ ಎರಡು ತುದಿಗಳನ್ನು ಕೂಡಿಸಿ ಉಂಗುರ ಮಾಡಿದರೆ ಈ ಪರೀಕ್ಷೆ ಹೊಂದುವುದಿಲ್ಲ, ಅದಕ್ಕೆ ಗಾಬರಿಯಾಗಬೇಕಿಲ್ಲ. ತುದಿಗಳನ್ನು ಗಂಟು ಹಾಕಿದ ಹುರಿಯನ್ನು ಬಿಚ್ಚಲು ಬರುವುದಿಲ್ಲವಲ್ಲ. ಒಟ್ಟು ಸುತ್ತು ಪೂರ್ಣಸಂಖ್ಯೆಯಾಗದಿದ್ದರೆ ಉಳಿದ ತಿರುವು ಗಂಟಿನಲ್ಲಿ ಉಳಿಯುತ್ತದೆ.

ಹುರಿ ಬಿಚ್ಚದಿರುವಾಗ

ನಿಜವಾದ ಭೌತಶಾಸ್ತ್ರ ಶುರುವಾಗುವುದು ಮೇಲಿನ ಷರತ್ತುಗಳಲ್ಲಿ ಒಂದು ತಪ್ಪಿದಾಗ. ತಂತಿಗೆ ಅಗಲವಿದ್ದು ಮೇಲಿನ ಸಬ್‌ಬ್ಯಾಂಡುಗಳು ಬೆರೆತರೆ, ಅಡ್ಡ ಚಲನೆಯೂ ಸ್ಪಿನ್ನನ್ನು ಬೇರೊಂದು ಅಕ್ಷದ ಸುತ್ತ ತಿರುಗಿಸುತ್ತದೆ. ಎರಡು ಅಕ್ಷಗಳ ತಿರುವುಗಳನ್ನು ಒಂದೇ ರೂಪಾಂತರದಿಂದ ಬಿಚ್ಚಲಾಗದು. ಆಗ ಪರವಲಯಗಳ ಆಕಾರವೇ ಡೊಂಕಾಗಿ, ಬಲಕ್ಕೆ ಓಡುವ ಎರಡು ಸ್ಪಿನ್ನುಗಳ ವೇಗಗಳು ಬೇರೆಬೇರೆಯಾಗುತ್ತವೆ. ಆದರೂ ಕಾಲವಿಪರ್ಯಯ ಸಮಮಿತಿ ಉಳಿದಿರುವುದರಿಂದ, ಬಲಕ್ಕೆ ಓಡುವ ಮೇಲ್ಮುಖ ಸ್ಪಿನ್ನಿನ ವೇಗವೂ ಎಡಕ್ಕೆ ಓಡುವ ಕೆಳಮುಖ ಸ್ಪಿನ್ನಿನ ವೇಗವೂ ಒಂದೇ ಇರಲೇಬೇಕು. ಮೊರೊಜ್, ಸಮೋಖಿನ್ ಮತ್ತು ಬಾರ್ನ್ಸ್ 2000ದಲ್ಲಿ ಈ ಸ್ಥಿತಿಯನ್ನು ಬೊಸೊನೈಸೇಶನ್ (ಒಂಟಿ ಎಲೆಕ್ಟ್ರಾನುಗಳ ಬದಲು ಸಾಲಿನ ಅಲೆಗಳನ್ನು ಹಿಡಿದು ಲೆಕ್ಕ ಮಾಡುವ ವಿಧಾನ) ಮೂಲಕ ಬಿಡಿಸಿ, ಸ್ಪಿನ್ ಮತ್ತು ಆವೇಶಗಳ ಬೇರ್ಪಡೆ ಇಲ್ಲಿ ಕೆಡುತ್ತದೆ ಎಂದು ತೋರಿಸಿದರು.

ನೀವೂ ಬಿಡಿಸಬಹುದು. ವಿಕರ್ಷಣೆಯಿಲ್ಲದಾಗಿನ ಎರಡು ವೇಗಗಳ ವ್ಯತ್ಯಾಸದ ಅರ್ಧ ಡ, ಬೆರೆಯುವ ಮುಂಚಿನ ಆವೇಶದ ಅಲೆಯ ವೇಗ ಆ, ಸ್ಪಿನ್ ಅಲೆಯ ವೇಗ ಸ ಎಂದಿರಲಿ. ಸ್ಪಿನ್ನಿನ ಲಟ್ಟಿಂಜರ್ ಗುಣಾಂಕ (ವಿಕರ್ಷಣೆಯ ಬಲವನ್ನು ಹೇಳುವ ಸಂಖ್ಯೆ, ವಿಕರ್ಷಣೆ ಇಲ್ಲದಿದ್ದರೆ 1) 1 ಎಂದೂ, ಆವೇಶದ ವೇಗವನ್ನು ಆವೇಶದ ಗುಣಾಂಕದಿಂದ ಗುಣಿಸಿದರೆ ಫರ್ಮಿ ವೇಗವೇ ಸಿಗುತ್ತದೆ ಎಂದೂ, ಸ ಕೂಡ ಫರ್ಮಿ ವೇಗದಷ್ಟೇ ಎಂದೂ ಸರಳವಾಗಿ ಇಟ್ಟುಕೊಂಡರೆ, ಬೆರೆತ ಅಲೆಗಳ ವೇಗ ವ ಈ ಸಮೀಕರಣಕ್ಕೆ ಬದ್ಧವಾಗಿರುತ್ತದೆ:

(ಆ² − ವ² − ಡ²) × (ಸ² − ವ² − ಡ²) = 4ವ²ಡ²

ಮೊದಲು ವಿಕರ್ಷಣೆಯನ್ನು ಕಳಚಿ ನೋಡಿ. ಆ, ಸ ಎರಡೂ 1, ಡ 0.1 ಎಂದಿಟ್ಟರೆ ವ 1.1 ಮತ್ತು 0.9 ಬರಬೇಕು, ಬರುತ್ತದೆ. ಈಗ ಆವೇಶದ ಗುಣಾಂಕ 0.6 ಆಗುವಷ್ಟು ವಿಕರ್ಷಣೆ ಸೇರಿಸಿ, ಆ 1.667 ಆಗುತ್ತದೆ. ಸಮೀಕರಣ ಬಿಡಿಸಿದರೆ ವ 1.682 ಮತ್ತು 0.984. ಡ ಅದೇ 0.1 ಇದ್ದರೂ ವೇಗಗಳು ಅಲುಗಿದ್ದು ನೂರಕ್ಕೆ ಒಂದು, ಒಂದೂವರೆಯಷ್ಟು ಮಾತ್ರ. ಎರಡು ವೇಗಗಳು ಮೊದಲೇ ದೂರ ದೂರ ಇರುವುದರಿಂದ ಡ ತನ್ನ ವರ್ಗದ ಮೂಲಕವಷ್ಟೇ ಕೆಲಸ ಮಾಡುತ್ತದೆ. ಈ ಫಲಿತಾಂಶ ನನಗೆ ಬಹಳ ಇಷ್ಟ, ಏಕೆಂದರೆ ವಿಕರ್ಷಣೆ ಬಂಧದ ಗುರುತನ್ನು ಮುಚ್ಚಿಡುವ ಬಗೆ ಇಲ್ಲಿ ಎರಡು ಸಾಲಿನ ಲೆಕ್ಕದಲ್ಲಿ ಕಾಣುತ್ತದೆ. ವೇಗಗಳನ್ನಷ್ಟೇ ನೋಡಿ 'ಬಂಧದ ಪರಿಣಾಮ ಅತ್ಯಲ್ಪ' ಎಂದು ಬರೆಯಬೇಡಿ. ಬೆರೆತ ಪ್ರತಿ ಅಲೆಯೂ ಸ್ವಲ್ಪ ಆವೇಶವನ್ನೂ ಸ್ವಲ್ಪ ಸ್ಪಿನ್ನನ್ನೂ ಹೊತ್ತು ಸಾಗುತ್ತದೆ, ಆ ಬೆರಕೆ ಡ ಇದ್ದಷ್ಟೇ ಅನುಪಾತದಲ್ಲಿ ಮೂಡುತ್ತದೆ. ಹುಡುಕಬೇಕಾದದ್ದು ಅದನ್ನು.

ಡ ಎಷ್ಟಿರುತ್ತದೆ ಎಂಬುದು ತಂತಿಯ ಅಗಲಕ್ಕೂ ಸ್ಪಿನ್-ಕಕ್ಷೆ ಉದ್ದಕ್ಕೂ ಇರುವ ಅನುಪಾತದ ಮೇಲೆ ನಿಂತಿದೆ. ಅಗಲ ಕಿರಿದಾದಂತೆ ಅದು ಬಹುಬೇಗ ಕುಗ್ಗುತ್ತದೆ. ಮೊದಲ ಪುಟದಲ್ಲಿ ಬರೆದಿಟ್ಟ 109 ಅಥವಾ 272ರ ಜೊತೆ ನಿಮ್ಮ ತಂತಿಯ ಅಗಲವನ್ನು ಹೋಲಿಸಿ ನೋಡಿ.

ಕಾಂತಕ್ಷೇತ್ರ ಇಟ್ಟಾಗ

ಬಂಧದ ಅಕ್ಷಕ್ಕೆ ಲಂಬವಾಗಿ ಕಾಂತಕ್ಷೇತ್ರವಿಟ್ಟರೆ ಕಥೆ ಇನ್ನೂ ಸೊಗಸಾಗುತ್ತದೆ. ಹುರಿ ಬಿಚ್ಚಲು ಹೋದರೆ ನೇರವಾಗಿದ್ದ ಕ್ಷೇತ್ರವೇ ಸುರುಳಿಯಾಗುತ್ತದೆ; ಸುತ್ತು ಹುರಿಯಿಂದ ಕ್ಷೇತ್ರಕ್ಕೆ ಹೋಯಿತೇ ಹೊರತು ಅಳಿಯಲಿಲ್ಲ. ಹುರಿ ಬಿಚ್ಚದೆ ನೋಡಿದರೆ, ಎರಡು ಪರವಲಯಗಳು ಅಡ್ಡಹಾಯುವ ಬಿಂದುವಿನಲ್ಲಿ ಶಕ್ತಿಯ ಅಂತರವೊಂದು ತೆರೆಯುತ್ತದೆ. ರಾಸಾಯನಿಕ ವಿಭವ ಆ ಅಂತರದೊಳಗಿದ್ದರೆ ಬಲಕ್ಕೆ ಒಂದು ಬಗೆಯ, ಎಡಕ್ಕೆ ಅದಕ್ಕೆ ಬಹುಮಟ್ಟಿಗೆ ವಿರುದ್ಧವಾದ ಸ್ಪಿನ್ ಮಾತ್ರ ಉಳಿಯುತ್ತದೆ. ತಂತಿಯ ವಾಹಕತೆ 77.5ರಿಂದ 38.7 ಮೈಕ್ರೋಸೀಮೆನ್ಸಿಗೆ ಇಳಿದು, ವಿಭವವನ್ನು ಇನ್ನಷ್ಟು ಏರಿಸಿದಾಗ ಮತ್ತೆ 77.5ಕ್ಕೆ ಏರುತ್ತದೆ. ಗ್ಯಾಲಿಯಂ ಆರ್ಸೆನೈಡಿನ ರಂಧ್ರವಾಹಕಗಳ ತಂತಿಯಲ್ಲಿ ಇಂಥ ಕುಸಿತವನ್ನು ಕಂಡ ವರದಿ 2010ರಲ್ಲಿ ಬಂದಿತು.

ವಿಕರ್ಷಣೆಯನ್ನು ಇಲ್ಲಿ ಬಿಟ್ಟು ಲೆಕ್ಕ ಮಾಡುವುದು ತಪ್ಪು, ಅದನ್ನು ಸಂಖ್ಯೆಯಲ್ಲೇ ತೋರಿಸಬಹುದು. ವಿಭವ ಆ ಅಡ್ಡಹಾಯುವ ಬಿಂದುವಿನಲ್ಲಿರಬೇಕಾದರೆ ಎಲೆಕ್ಟ್ರಾನುಗಳ ಸಾಂದ್ರತೆ, 2ನ್ನು ಪೈ ಮತ್ತು ಸ್ಪಿನ್-ಕಕ್ಷೆ ಉದ್ದಗಳ ಗುಣಲಬ್ಧದಿಂದ ಭಾಗಿಸಿದಷ್ಟಿರಬೇಕು. ಆಲ್ಫಾ 50 ಆದಾಗ ಒಂದು ಮೈಕ್ರೋಮೀಟರಿನಲ್ಲಿ ಆರೂ ತುಂಬದಷ್ಟು ಎಲೆಕ್ಟ್ರಾನುಗಳು! ಎರಡರ ನಡುವೆ ಸರಾಸರಿ 171 ನ್ಯಾನೋಮೀಟರ್ ದೂರ. ಈ ವಸ್ತುವಿನಲ್ಲಿ ಪರಿಣಾಮೀ ಬೋರ್ ತ್ರಿಜ್ಯವಾದರೋ ಸುಮಾರು 65 ನ್ಯಾನೋಮೀಟರ್. ಅಷ್ಟು ವಿರಳವಾದ ಸಾಲಿನಲ್ಲಿ ಚಲನಶಕ್ತಿ ಸೊರಗಿ ವಿಕರ್ಷಣೆ ಮೇಲಾಗುತ್ತದೆ. ಬಂಧ ಎದ್ದು ಕಾಣುವ ಜಾಗವೂ ವಿಕರ್ಷಣೆ ಬಲವಾಗುವ ಜಾಗವೂ ಒಂದೇ ಆಗಿರುವುದರಿಂದ, ಈ ಎರಡನ್ನೂ ಕೂಡಿಸಿಯೇ ಓದಬೇಕು.

ಕೂಡಿಸಿದಾಗ ಅಂತರ ಹಿಗ್ಗುತ್ತದೆ. ಅಂತರವನ್ನು ತೆರೆಯುವ ಪದದ ಅಳತೆಯ ಘಾತ, ಆವೇಶದ ಗುಣಾಂಕ ಮತ್ತು ಸ್ಪಿನ್ ಗುಣಾಂಕದ ವಿಲೋಮ ಇವೆರಡರ ಮೊತ್ತದ ಅರ್ಧ. ವಿಕರ್ಷಣೆಯಿಲ್ಲದಿದ್ದರೆ ಅದು 1; ಆವೇಶದ ಗುಣಾಂಕ 0.6 ಆದರೆ 0.8. ಅದನ್ನು 2ರಿಂದ ಕಳೆದು ವಿಲೋಮ ತೆಗೆದುಕೊಂಡರೆ 0.833. ಪಟ್ಟಿಯ ಶಕ್ತಿಯ ನೂರರಲ್ಲಿ ಒಂದು ಪಾಲಿದ್ದ ಅಂತರ, ಈ ಘಾತಕ್ಕೇರಿಸಿದಾಗ ನೂರರಲ್ಲಿ ಎರಡಕ್ಕೂ ತುಸು ಹೆಚ್ಚಾಗುತ್ತದೆ. ಮುಂದೆ ಗುಣಿಸುವ ಸ್ಥಿರಾಂಕವನ್ನು ಈ ವಿಧಾನ ಕೊಡುವುದಿಲ್ಲ, ಆದ್ದರಿಂದ 'ಎರಡು ಪಟ್ಟು' ಎನ್ನುವುದನ್ನು ಅಂದಾಜಾಗಿಯೇ ಬರೆಯಿರಿ.

ಪ್ರಯೋಗದ ಆಯಕಟ್ಟು

ಕ್ಷೇತ್ರ ಹೆಚ್ಚಿಸಿದಷ್ಟೂ ಅಂತರ ಹೆಚ್ಚುತ್ತದೆ ಎಂದು ಹೆಚ್ಚಿಸುತ್ತಲೇ ಹೋಗುವಂತಿಲ್ಲ. ಸ್ಪಿನ್ನುಗಳ ಜೀಮನ್ ಅಂತರ (ಕಾಂತಕ್ಷೇತ್ರದಿಂದ ಎರಡು ಸ್ಪಿನ್ನುಗಳ ನಡುವೆ ಬರುವ ಶಕ್ತಿಯ ವ್ಯತ್ಯಾಸ) ಪಟ್ಟಿಯ ತಳದ ಇಳಿತದ ನಾಲ್ಕು ಪಟ್ಟನ್ನು ದಾಟಿತೆಂದರೆ ಪರವಲಯಗಳ ಜೋಡಿ ತಗ್ಗುಗಳು ಒಂದಾಗಿ, ವಾಹಕತೆಯ ಕುಸಿತಕ್ಕೆ ಜಾಗವೇ ಇಲ್ಲದಂತಾಗುತ್ತದೆ. ಜಿ ಗುಣಾಂಕ (ಸ್ಪಿನ್ ಕಾಂತಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 50 ಎಂದು ಹಿಡಿದರೆ 0.1 ಟೆಸ್ಲಾಗೆ ಅಂತರ 0.29 ಮಿಲಿ-ಎಲೆಕ್ಟ್ರಾನ್‌ವೋಲ್ಟ್. ಆಲ್ಫಾ 20ರ ತಂತಿಯಲ್ಲಿ ಮಿತಿ 0.05 ಟೆಸ್ಲಾ ಮಾತ್ರ, 50ರದರಲ್ಲಿ 0.32 ಟೆಸ್ಲಾ. ತಾಪವನ್ನೂ ಹೋಲಿಸಿ: ದ್ರವ ಹೀಲಿಯಂನ 4.2 ಕೆಲ್ವಿನ್ನಿನಲ್ಲಿ ಉಷ್ಣಶಕ್ತಿಯೇ 0.36, ಕುಸಿತ ಅಳಿಸಿಹೋಗುತ್ತದೆ, 0.3 ಕೆಲ್ವಿನ್ನಿಗೆ ಇಳಿಸಿದರೆ 0.026, ಆಗ ಕಂಡೀತು. ತಂತಿಯ ಉದ್ದವೂ ಸಾಕಷ್ಟಿರಬೇಕು. ಅಡ್ಡಹಾಯುವ ಬಿಂದುವಿನಲ್ಲಿ ವೇಗವನ್ನು ನಿರ್ಧರಿಸುವುದು ಆಲ್ಫಾವೇ ಆದ್ದರಿಂದ, ಆಲ್ಫಾ 50ನ್ನು ಅಂತರದ ಅರ್ಧವಾದ 0.145ರಿಂದ ಭಾಗಿಸಿ: 345 ನ್ಯಾನೋಮೀಟರ್. ತಂತಿ ಇದಕ್ಕಿಂತ ಸಾಕಷ್ಟು ಉದ್ದವಿಲ್ಲದಿದ್ದರೆ ಎಲೆಕ್ಟ್ರಾನುಗಳು ಅಂತರದ ಅಡಿಯಿಂದ ನುಸುಳಿಹೋಗುತ್ತವೆ.

ಇನ್ನೊಂದು ಮಾತು ವಾಹಕತೆಯ ಬಗ್ಗೆ. ವಿಕರ್ಷಣೆಯಿರುವ ತಂತಿಯ ವಾಹಕತೆ ಲಟ್ಟಿಂಜರ್ ಗುಣಾಂಕದಿಂದ ಗುಣಿತವಾಗಿ ಇಳಿಯುತ್ತದೆ ಎಂದು ಹಳೆಯ ಟಿಪ್ಪಣಿಗಳಲ್ಲಿ ಕಾಣಬಹುದು. ದೋಷರಹಿತ ತಂತಿಯನ್ನು ಅಗಲವಾದ ಲೋಹದ ಸಂಪರ್ಕಗಳಿಗೆ ಜೋಡಿಸಿದಾಗ ಹಾಗಾಗುವುದಿಲ್ಲ ಎಂದು 1995ರಲ್ಲಿ ಮೂರು ಕಡೆ ಸ್ವತಂತ್ರವಾಗಿ ತೋರಿಸಲಾಯಿತು. ಆದುದರಿಂದ 77.5 ಮತ್ತು 38.7 ಎಂಬ ಸಂಖ್ಯೆಗಳನ್ನು 0.6ರಿಂದ ಗುಣಿಸಲು ಹೋಗಬೇಡಿ.

ವಾಹಕತೆಯ ಗ್ರಾಫಿನಲ್ಲಿ ಕುಸಿತ ಕಂಡಾಕ್ಷಣ ಬಂಧ ಸಿಕ್ಕಿತೆನ್ನುವುದೂ ಅವಸರವೇ, ಏಕೆಂದರೆ ತಂತಿಯೊಳಗಿನ ಒಂದು ಕಲ್ಮಷವೂ ತುದಿಗಳಿಂದ ಮರಳುವ ಅಲೆಗಳ ವ್ಯತಿಕರಣವೂ ಅಂಥದ್ದೇ ತಗ್ಗನ್ನು ಮೂಡಿಸಬಲ್ಲವು. ಇದನ್ನು ಬೇರ್ಪಡಿಸುವ ದಾರಿ ಹುರಿಯಲ್ಲೇ ಇದೆ. ಕಾಂತಕ್ಷೇತ್ರದ ಬಲವನ್ನು ಬದಲಿಸದೆ ದಿಕ್ಕನ್ನು ಮಾತ್ರ ಮೆಲ್ಲನೆ ತಿರುಗಿಸಿ ಬಂಧದ ಅಕ್ಷಕ್ಕೆ ತನ್ನಿ. ಆ ದಿಕ್ಕಿನ ಕ್ಷೇತ್ರ ಹುರಿ ಬಿಚ್ಚುವುದಕ್ಕೆ ಅಡ್ಡಿಯಾಗುವುದಿಲ್ಲ, ಪರವಲಯಗಳನ್ನು ಮೇಲಕ್ಕೂ ಕೆಳಕ್ಕೂ ಸರಿಸುತ್ತದಷ್ಟೇ, ಅಂತರ ತೆರೆಯುವುದಿಲ್ಲ. ಕುಸಿತ ಬಂಧದ್ದಾಗಿದ್ದರೆ ಅಕ್ಷ ಸಮೀಪಿಸಿದಂತೆ ತುಂಬಿಕೊಂಡು, ಅಕ್ಷದ ಮೇಲೆ ಇಲ್ಲವಾಗುತ್ತದೆ, ಇನ್ನೊಂದು ಬದಿಗೆ ತಿರುಗಿಸಿದಾಗ ಮರಳಿ ಮೂಡುತ್ತದೆ. ಕಲ್ಮಷದ್ದಾಗಿದ್ದರೆ ಹೀಗೆ ಅಕ್ಷವನ್ನು ಅನುಸರಿಸಿ ಬಂದು ಹೋಗುವುದಕ್ಕೆ ಕಾರಣವೇ ಇರುವುದಿಲ್ಲ.